ಆಯ್ದು ಕಟ್ಟಿದ ರಾಜ್ಯ: ನೇಕ್ ಚಂದ್ ಅವರ ಕಲ್ಲಿನ ತೋಟ

[ದೃಶ್ಯ: ಮೇಜಿನ ಮೇಲೆ ಹರಡಿದ ಹಳೆಯ ಪತ್ರಿಕೆ. ಅದರ ಮೇಲೆ ಹಿಡಿ ಮುರಿದ ಪಿಂಗಾಣಿ ಲೋಟ, ಒಂದು ಹಿಡಿ ಬಳೆಚೂರು, ಹಳೆಯ ಫ್ಯೂಸಿನ ಬಿಳಿ ಪಿಂಗಾಣಿ ತುಂಡು, ಬಾಣಲೆಯಲ್ಲಿ ಸಿಮೆಂಟು ಮತ್ತು ಮರಳು.]

ನಮಸ್ಕಾರ. ಈ ಮೇಜಿನ ಮೇಲಿರುವ ಸಿಮೆಂಟು ಮತ್ತು ಮರಳನ್ನು ಬಿಟ್ಟರೆ ಬೇರೆ ಯಾವುದನ್ನೂ ನಾನು ಹಣ ಕೊಟ್ಟು ತಂದಿಲ್ಲ. ಲೋಟ ನಮ್ಮ ಅಡುಗೆಮನೆಯಲ್ಲಿ ಕೈಜಾರಿ ಬಿದ್ದದ್ದು, ಬಳೆಚೂರು ನೆರೆಮನೆಯವರು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದು, ಫ್ಯೂಸು ಹಳೆಯ ಮನೆಯೊಂದರ ವೈರಿಂಗ್ ಬದಲಾಯಿಸಿದಾಗ ಹೊರಗೆ ಬಿದ್ದದ್ದು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳನ್ನು ಬೆರೆಸಿ ನೀರು ಹಾಕಿ ಕಲಸಿ, ಈ ಗಾರೆಯನ್ನು ಒಂದು ಅಂಗೈ ಅಗಲದ ಹಲಗೆಯ ಮೇಲೆ ಹರಡುತ್ತಿದ್ದೇನೆ. ಗಾರೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳುವುದನ್ನು ಮರೆಯಬೇಡಿ, ಸಿಮೆಂಟು ಚರ್ಮವನ್ನು ಸುಡುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸಿಮೆಂಟು ನೀರು ಬಿದ್ದ ಮೇಲೆ ಬಿಗಿಯತೊಡಗಲು ಕನಿಷ್ಠ 30 ನಿಮಿಷ ತೆಗೆದುಕೊಳ್ಳಬೇಕೆಂಬುದು ಮಾನಕ ನಿಯಮ. ಆ ಅವಧಿಯೊಳಗೆ ಯಾವ ಚೂರು ಎಲ್ಲಿ ಕೂರಬೇಕೆಂದು ತೀರ್ಮಾನವಾಗಬೇಕು. ಈ ಸಣ್ಣ ಕೆಲಸ ಮೇಜಿನ ಮೇಲೆ ನಡೆಯುತ್ತಿರಲಿ. ಅಷ್ಟರಲ್ಲಿ ಇದೇ ಕೆಲಸವನ್ನು ಸುಮಾರು ಹದಿನೈದು ವರ್ಷಗಳ ಕಾಲ ಯಾರಿಗೂ ಹೇಳದೆ ಕಾಡಿನೊಳಗೆ ಮಾಡಿದ ಒಬ್ಬ ಸರ್ಕಾರಿ ನೌಕರರ ಕಥೆಯನ್ನು ಹೇಳುತ್ತೇನೆ.

[ದೃಶ್ಯ: ಚಂಡೀಗಢದ ನಕ್ಷೆ. ಉತ್ತರದ ಅಂಚಿನಲ್ಲಿ ಸುಖನಾ ಕೆರೆ, ಅದರ ಪಕ್ಕದಲ್ಲಿ ಹಸಿರು ಪಟ್ಟಿ.]

ಅವರ ಹೆಸರು ನೇಕ್ ಚಂದ್ ಸೈನಿ. 1924ರ ಡಿಸೆಂಬರ್ 15ರಂದು ಅವರು ಹುಟ್ಟಿದ ಹಳ್ಳಿ ಇಂದು ಪಾಕಿಸ್ತಾನದ ಶಕರ್‌ಗಢ ಭಾಗದಲ್ಲಿದೆ. 1947ರ ವಿಭಜನೆಯಲ್ಲಿ ಅವರ ಕುಟುಂಬ ಮನೆ, ಹೊಲ ಎಲ್ಲವನ್ನೂ ಬಿಟ್ಟು ಗಡಿ ದಾಟಿ ಬಂತು. ಲಾಹೋರ್ ಪಾಕಿಸ್ತಾನಕ್ಕೆ ಸೇರಿದ್ದರಿಂದ ಭಾರತದ ಪಂಜಾಬಿಗೆ ಹೊಸ ರಾಜಧಾನಿಯೊಂದು ಬೇಕಾಯಿತು. ಹೀಗೆ ಯೋಜನೆಗೊಂಡ ಚಂಡೀಗಢದ ವಿನ್ಯಾಸವನ್ನು ಪ್ರಸಿದ್ಧ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಕೈಗೆತ್ತಿಕೊಂಡರು. 1951ರಲ್ಲಿ ನೇಕ್ ಚಂದ್ ಅದೇ ನಗರದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್ಸ್‌ಪೆಕ್ಟರ್ ಆಗಿ ಕೆಲಸಕ್ಕೆ ಸೇರಿದರು.

ಹೊಸ ನಗರ ಬಯಲಿನಲ್ಲಿ ಏಳಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆ ನೆಲದಲ್ಲಿ 20ಕ್ಕೂ ಹೆಚ್ಚು ಹಳ್ಳಿಗಳಿದ್ದವು. ನೇರ ರಸ್ತೆಗಳಿಗೂ ಚೌಕಾಕಾರದ ಸೆಕ್ಟರುಗಳಿಗೂ ಜಾಗ ಮಾಡಿಕೊಡಲು ಆ ಹಳ್ಳಿಗಳ ಮನೆಗಳನ್ನು ಕೆಡವಿದಾಗ, ಗೋಡೆಗಳೊಡನೆ ಮಡಕೆ, ಬಳೆ, ತಟ್ಟೆ, ಒಲೆ, ಬಾಗಿಲುಗಳೆಲ್ಲವೂ ರಾಶಿಯಾಗಿ ಬಿದ್ದವು. ಒಮ್ಮೆ ತನ್ನ ಹಳ್ಳಿಯನ್ನೇ ಕಳೆದುಕೊಂಡಿದ್ದ ಮನುಷ್ಯನೊಬ್ಬ, ಮತ್ತೊಬ್ಬರ ಹಳ್ಳಿಗಳು ರಾಶಿಯಾಗಿ ಬೀಳುವುದನ್ನು ಉದ್ಯೋಗದ ನಿಮಿತ್ತ ದಿನವೂ ನೋಡುತ್ತಿದ್ದ. ನನ್ನ ಮಟ್ಟಿಗೆ ಈ ಇಡೀ ತೋಟದ ಬೀಜವಿರುವುದು ಇಲ್ಲಿಯೇ.

1950ರ ದಶಕದ ಕೊನೆಯ ಹೊತ್ತಿಗೆ ಅವರು ಸುಖನಾ ಕೆರೆಯ ಸಮೀಪದ ಕುರುಚಲು ಕಾಡಿನಲ್ಲಿ ಒಂದು ಸಣ್ಣ ಜಾಗವನ್ನು ಸವರಿ, ಗುಡಿಸಲೊಂದನ್ನು ಕಟ್ಟಿಕೊಂಡರು. ಅದು ಸರ್ಕಾರದ ಜಮೀನು, ನಗರದ ಯೋಜನೆಯ ಪ್ರಕಾರ ಅಲ್ಲಿ ಯಾರೂ ಏನನ್ನೂ ಕಟ್ಟುವಂತಿರಲಿಲ್ಲ. ಕಚೇರಿಯ ಕೆಲಸ ಮುಗಿದ ಮೇಲೆ ಅವರು ಸೈಕಲ್ಲಿನಲ್ಲಿ ಹೊರಟು, ಶಿವಾಲಿಕ್ ಬೆಟ್ಟಗಳಿಂದ ಇಳಿದು ಬರುವ ಹಳ್ಳಗಳ ಒಣ ಪಾತ್ರದಲ್ಲಿ ನೀರು ತೀಡಿ ತೀಡಿ ವಿಚಿತ್ರ ಆಕಾರ ತಳೆದ ಕಲ್ಲುಗಳನ್ನು ಹುಡುಕುತ್ತಿದ್ದರು. ಕೂತ ಹಕ್ಕಿಯಂತೆ, ಬಾಗಿದ ಮುದುಕಿಯಂತೆ, ಮಂಡಿಯೂರಿದ ಪ್ರಾಣಿಯಂತೆ ಕಂಡ ಕಲ್ಲುಗಳನ್ನು ಕ್ಯಾರಿಯರಿಗೆ ಕಟ್ಟಿಕೊಂಡು ತಂದು ಗುಡಿಸಲಿನ ಸುತ್ತ ಜೋಡಿಸಿಟ್ಟರು. ಕೆಡವಿದ ಮನೆಗಳ ರಾಶಿಯಿಂದಲೂ ನಗರದ ಕಸದ ಗುಂಡಿಗಳಿಂದಲೂ ಒಡೆದ ವಸ್ತುಗಳನ್ನು ಹೊತ್ತು ತಂದರು. ರಾತ್ರಿಯ ಕೆಲಸಕ್ಕೆ ಬೆಳಕು ಬೇಕಾದಾಗ ಹಳೆಯ ಟೈರುಗಳನ್ನು ಸುಡುತ್ತಿದ್ದರಂತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನೇಕ್ ಚಂದ್ ಸಂಗ್ರಹಕ್ಕೆ ತೊಡಗಿದ್ದು 1958ರ ಸುಮಾರಿಗೆ, ಅದನ್ನೆಲ್ಲ ಬಳಸಿ ರಾಜ್ಯವೊಂದನ್ನು ಕಟ್ಟಲಾರಂಭಿಸಿದ್ದು 1965ರಲ್ಲಿ. ನಡುವೆ ಸುಮಾರು ಏಳು ವರ್ಷ ಅವರು ಮುಖ್ಯವಾಗಿ ಮಾಡಿದ್ದು ಆಯುವ ಕೆಲಸ. ಕನ್ನಡದಲ್ಲಿ ನಾವು ಅಕ್ಕಿ ಆಯುತ್ತೇವೆ, ಹೂವು ಆಯುತ್ತೇವೆ. ಬೀದಿಯಲ್ಲಿ ಚೀಲ ಹೊತ್ತು ಹೋಗುವವರನ್ನು ಚಿಂದಿ ಆಯುವವರು ಎನ್ನುತ್ತೇವೆ. ಆಯ್ಕೆ ಎಂಬ ಗೌರವದ ಪದವೂ ಅದೇ ಧಾತುವಿನಿಂದ ಬಂದಿದೆ. ನೆಲದಿಂದ ಎತ್ತಿಕೊಳ್ಳುವುದು, ಹಲವುಗಳಲ್ಲಿ ಇದೇ ಬೇಕೆಂದು ನಿರ್ಧರಿಸುವುದು, ಈ ಎರಡೂ ನಮ್ಮ ಭಾಷೆಯಲ್ಲಿ ಒಂದೇ ಕ್ರಿಯೆ. ಬಿಸಾಡಿದ ವಸ್ತುಗಳಿಂದ ಮಾಡುವ ಕಲೆಯನ್ನು ಅರ್ಥಮಾಡಿಕೊಳ್ಳಲು ಈ ಒಂದು ಪದ ಸಾಕೆಂದು ನನಗೆ ತೋರುತ್ತದೆ. ಇಲ್ಲಿ ಕಲಾವಿದನ ಕೆಲಸ ಉಳಿ ಹಿಡಿದಾಗ ಆರಂಭವಾಗುವುದಿಲ್ಲ, ಬಗ್ಗಿ ಎತ್ತಿಕೊಂಡಾಗ ಆರಂಭವಾಗುತ್ತದೆ.

[ದೃಶ್ಯ: ಮೇಜು. ಲೋಟದ ಚೂರುಗಳನ್ನು ಒಂದೊಂದಾಗಿ ತಿರುಗಿಸಿ ನೋಡುವ ಕೈ.]

ಈಗ ಗಾರೆಯ ಕಡೆಗೆ ಒಮ್ಮೆ ಬನ್ನಿ. ಲೋಟದ ಈ ಚೂರಿನ ಎರಡೂ ಮುಖಗಳಿಗೆ ಹೊಳಪಿನ ಲೇಪವಿದೆ. ಈ ಲೇಪ ಗಾಜಿನಂತಹದು, ನೀರು ಹೀರುವುದಿಲ್ಲ, ಆದ್ದರಿಂದ ಗಾರೆ ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಒಡೆದ ಅಂಚನ್ನು ಬೆರಳಿನಿಂದ ಎಚ್ಚರಿಕೆಯಿಂದ ಸವರಿದರೆ ತರಿತರಿಯಾಗಿದೆ, ಗಾರೆಗೆ ಹಿಡಿತ ಸಿಗುವುದು ಅಲ್ಲಿ. ಹಾಗಾಗಿ ಚೂರನ್ನು ಮೇಲ್ಮೈಗೆ ಅಂಟಿಸಿದರೆ ಸಾಲದು, ಅಂಚು ಮುಳುಗುವಷ್ಟು ಒಳಕ್ಕೆ ಒತ್ತಬೇಕು. ಬಳೆಚೂರಿನ ಲಕ್ಷಣ ಬೇರೆ. ಅದು ಬಾಗಿರುವುದರಿಂದ ಎರಡು ತುದಿಗಳನ್ನು ಗಾರೆಯೊಳಗೆ ಚುಚ್ಚಿದರೆ ನಡುಭಾಗ ಸಣ್ಣ ಕಮಾನಿನಂತೆ ಹೊರಗೆ ನಿಲ್ಲುತ್ತದೆ. ಬದಿಗೆ ಮಲಗಿಸಿ ಒತ್ತಿದರೆ ಮೀನಿನ ಹುರುಪೆಯಂತೆ ಒಂದರ ಪಕ್ಕ ಒಂದು ಕೂರುತ್ತದೆ. ಒಡೆದು ಹೋದದ್ದರಿಂದಲೇ ಇವುಗಳಿಗೆ ಈ ಗುಣ ಬಂದಿದೆ.

ಬಳೆಯ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಕೈಯ ಬಳೆ ಒಡೆದಾಗ ನಮ್ಮ ಹಿರಿಯರು ಒಡೆಯಿತು ಎನ್ನುವುದಿಲ್ಲ, ಬಳೆ ಹೆಚ್ಚಿತು ಎನ್ನುತ್ತಾರೆ. ಅಶುಭದ ಮಾತನ್ನು ಆಡಬಾರದೆಂಬ ಎಚ್ಚರದಿಂದ ಹುಟ್ಟಿದ ನುಡಿ ಅದು. ಆದರೂ ಹೆಚ್ಚಿದ ಆ ಬಳೆಚೂರುಗಳನ್ನು ಮಕ್ಕಳು ದೀಪದ ಉರಿಗೆ ಹಿಡಿದು ಬಾಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಬಾಗಿಲಿಗೆ ತೋರಣ ಕಟ್ಟುತ್ತಿದ್ದ ಕಾಲವೊಂದಿತ್ತು, ಆ ಮಾತು ಅಲ್ಲಿ ಅಕ್ಷರಶಃ ನಿಜವಾಗುತ್ತಿತ್ತು. ಚಂಡೀಗಢದ ತೋಟದಲ್ಲಿ ತಲೆಯಿಂದ ಪಾದದವರೆಗೆ ಬಳೆಚೂರಿನ ಉಡುಪನ್ನೇ ತೊಟ್ಟ ಹೆಂಗಸರ ಪ್ರತಿಮೆಗಳು ಸಾಲುಸಾಲಾಗಿ ನಿಂತಿರುವುದನ್ನು ಕಂಡಾಗ, ಎಷ್ಟು ಮನೆಗಳ ಎಷ್ಟು ಕೈಗಳ ಬಳೆಗಳು ಇಲ್ಲಿಗೆ ಬಂದು ಸೇರಿರಬಹುದೆಂಬ ಯೋಚನೆ ಬಾರದಿರದು.

[ದೃಶ್ಯ: ಪ್ರತಿಮೆಯೊಂದರ ರಚನೆಯನ್ನು ವಿವರಿಸುವ ರೇಖಾಚಿತ್ರ. ಒಳಗೆ ಸೈಕಲ್ಲಿನ ಭಾಗಗಳು, ಮೇಲೆ ಗಾರೆಯ ಪದರ.]

ಪ್ರತಿಮೆಗಳ ಒಳಗೇನಿದೆ ಎಂಬುದನ್ನು ತಿಳಿದರೆ ಅವುಗಳ ನಿಲುವು ಹಾಗೇಕೆ ಇದೆ ಎಂಬುದು ಅರ್ಥವಾಗುತ್ತದೆ. ಗಾರೆಯಿಂದ ಮಾಡಿದ ಯಾವ ಆಕೃತಿಗೂ ಒಳಗೊಂದು ಅಸ್ಥಿಪಂಜರ ಬೇಕು. ನೇಕ್ ಚಂದ್ ಅದಕ್ಕೆ ಗುಜರಿಯ ಕಬ್ಬಿಣವನ್ನು, ಅದರಲ್ಲೂ ಹಳೆಯ ಸೈಕಲ್ಲುಗಳನ್ನು ಬಳಸಿದರು. ಸೈಕಲ್ಲಿನ ಫ್ರೇಮು ಪ್ರಾಣಿಯ ಒಡಲಾಯಿತು, ಮುಂದಿನ ಫೋರ್ಕು ಕಾಲುಗಳಾಯಿತು, ಹ್ಯಾಂಡಲು ಕೊಂಬಾಯಿತು, ಸೀಟು ಮುಖವಾಯಿತು. ಅದರ ಮೇಲೆ ಸಿಮೆಂಟು ಮರಳಿನ ಗಾರೆಯನ್ನು ಮೆತ್ತಿ, ಕೊನೆಯ ಪದರವಾಗಿ ಬರಿಯ ಸಿಮೆಂಟನ್ನು ತೆಳುವಾಗಿ ಕೊಟ್ಟು ಉಜ್ಜಿ ನುಣುಪು ಮಾಡುತ್ತಿದ್ದರು. ಆ ಹಸಿ ಪದರಕ್ಕೆ ಬಳೆ, ಪಿಂಗಾಣಿ, ಕುಲುಮೆಯ ಕಿಟ್ಟವನ್ನು ಒತ್ತುತ್ತಿದ್ದರು. ಒಳಗಿನ ಕಬ್ಬಿಣದ ಮಾತನ್ನು ಹೊರಗಿನ ರೂಪ ಕೇಳಲೇಬೇಕು, ಫೋರ್ಕು ಎಷ್ಟು ಬಾಗಿದೆಯೋ ಕಾಲೂ ಅಷ್ಟೇ ಬಾಗುತ್ತದೆ. ಅವರ ಮನುಷ್ಯರು ನೇರವಾಗಿ, ಸ್ವಲ್ಪ ಬಿಗಿಯಾಗಿ, ಯಾರನ್ನೋ ಕಾಯುತ್ತಿರುವವರಂತೆ ನಿಂತಿರುತ್ತಾರೆ. ಇಂಥವರು ನೂರಾರು ಮಂದಿ ಒಟ್ಟಿಗೆ ನಿಂತಾಗ ಹಳ್ಳಿಯೊಂದು ನೆರೆದಂತಿರುತ್ತದೆ.

ಸೈಕಲ್ಲಿನ ಸೀಟನ್ನೂ ಹ್ಯಾಂಡಲನ್ನೂ ಜೋಡಿಸಿ 1942ರಲ್ಲಿ ಪ್ಯಾರಿಸ್ಸಿನಲ್ಲಿ ಪಿಕಾಸೊ ಒಂದು ಗೂಳಿಯ ತಲೆಯನ್ನು ಮಾಡಿದ್ದರು. ಕಲೆಯ ಚರಿತ್ರೆ ಓದಿದವರಿಗೆ ಅದು ಚಿರಪರಿಚಿತ. ಪಿಕಾಸೊ ಅವರ ಗೂಳಿಯಲ್ಲಿ ಸೀಟು ಸೀಟಾಗಿಯೇ, ಹ್ಯಾಂಡಲು ಹ್ಯಾಂಡಲಾಗಿಯೇ ಬತ್ತಲಾಗಿ ಕಾಣುತ್ತದೆ, ಗೂಳಿಯೂ ಕಾಣುತ್ತದೆ, ಆ ಎರಡರ ನಡುವೆ ನೋಟ ಓಲಾಡುವುದೇ ಅದರ ಸೊಗಸು. ನೇಕ್ ಚಂದ್ ಸೈಕಲ್ಲನ್ನು ಗಾರೆಯೊಳಗೆ ಹುದುಗಿಸಿದರು. ಅವರಿಗೆ ಬೇಕಾಗಿದ್ದದ್ದು ಒಂದು ಚತುರ ಕಲ್ಪನೆಯಲ್ಲ, ಜನ ತುಂಬಿದ ಒಂದು ರಾಜ್ಯ. ಬಾಲ್ಯದಲ್ಲಿ ತಾಯಿ ಹೇಳುತ್ತಿದ್ದ ರಾಜರಾಣಿಯರ ಕಥೆಗಳು ಅವರಲ್ಲಿ ಉಳಿದಿದ್ದವು. ಆ ಕಾಡಿನ ಜಾಗದಲ್ಲಿ ಹಿಂದೊಮ್ಮೆ ಸುಕ್ರಾನಿ ಎಂಬ ದೈವಿಕ ರಾಜ್ಯವಿತ್ತೆಂದೂ ಅದನ್ನೇ ತಾನು ಮತ್ತೆ ಕಟ್ಟುತ್ತಿರುವೆನೆಂದೂ ಅವರು ನಂಬಿದ್ದರು.

[ದೃಶ್ಯ: ತೋಟದ ಪ್ರವೇಶದ್ವಾರ. ತಲೆ ಬಗ್ಗಿಸಿ ಒಳಹೋಗುವ ಜನ.]

ತೋಟದೊಳಗೆ ಹೋಗುವ ದಾರಿ ಅಂಕುಡೊಂಕಾಗಿದೆ. ಹಲವು ಬಾಗಿಲುಗಳು ಎಷ್ಟು ತಗ್ಗಾಗಿವೆಯೆಂದರೆ ಎಷ್ಟೇ ದೊಡ್ಡ ಹುದ್ದೆಯವರಾದರೂ ತಲೆ ಬಗ್ಗಿಸದೆ ಒಳಗೆ ಹೋಗಲಾರರು. ಮೊದಲ ಭಾಗದಲ್ಲಿ ಹಳ್ಳದ ಕಲ್ಲುಗಳು ಸಣ್ಣ ಪೀಠಗಳ ಮೇಲೆ ಹೇಗಿದ್ದವೋ ಹಾಗೆಯೇ ಕೂತಿವೆ, ಉಳಿಯ ಒಂದು ಏಟೂ ಅವುಗಳಿಗೆ ಬಿದ್ದಿಲ್ಲ. ಮುಂದೆ ಸಾಗಿದಂತೆ ಗೋಡೆಗಳು ಮಾತಾಡತೊಡಗುತ್ತವೆ. ಡಾಂಬರಿನ ಡ್ರಮ್ಮುಗಳನ್ನು ಜೋಡಿಸಿ ಕಟ್ಟಿದ ಗೋಡೆ ಒಂದು ಕಡೆ, ವಿದ್ಯುತ್ ಸಾಕೆಟ್ಟುಗಳ ಬಿಳಿ ಪಿಂಗಾಣಿ ತುಂಡುಗಳನ್ನು ಸಾವಿರಗಟ್ಟಲೆ ಕೂರಿಸಿದ ಗೋಡೆ ಇನ್ನೊಂದು ಕಡೆ. ಡಾಂಬರಿನ ಡ್ರಮ್ಮು ರಸ್ತೆ ಇನ್ಸ್‌ಪೆಕ್ಟರರ ನಿತ್ಯದ ಒಡನಾಡಿ ಎಂಬುದನ್ನು ನೆನಪಿಡಿ. ಕಾಂಕ್ರೀಟಿನ ಗುಣಸ್ವಭಾವವನ್ನು ಅವರು ಕಲಿತದ್ದು ಯಾವ ಕಲಾಶಾಲೆಯಲ್ಲೂ ಅಲ್ಲ, ನಗರ ಕಟ್ಟುವ ಕೆಲಸದ ನಡುವೆ. ಪಕ್ಕದಲ್ಲೇ ಲೆ ಕಾರ್ಬುಸಿಯೆ ಅವರ ಬೃಹತ್ ಕಾಂಕ್ರೀಟ್ ಕಟ್ಟಡಗಳು, ಅಂದರೆ ಶಾಸನಸಭೆ, ಸಚಿವಾಲಯ, ಹೈಕೋರ್ಟು ನಿಂತಿವೆ. ಒಂದೇ ವಸ್ತು, ಒಂದೇ ಕಾಲ, ಕೂಗಳತೆಯ ದೂರದಲ್ಲಿ ಎರಡು ಬಗೆಯ ಮನಸ್ಸು.

ಗುಟ್ಟು ಹೊರಬಿದ್ದದ್ದು 1970ರ ದಶಕದ ಮೊದಲ ಭಾಗದಲ್ಲಿ. ಅಷ್ಟರಲ್ಲಿ ಕೆಲಸ ಸುಮಾರು 12 ಎಕರೆಗೆ ಹರಡಿತ್ತು. ನಿಯಮದ ಪ್ರಕಾರ ನೋಡಿದರೆ ಅದು ಅಕ್ರಮ ಒತ್ತುವರಿ, ಕೆಡವಿದ್ದರೆ ಯಾರೂ ಕೇಳುವಂತಿರಲಿಲ್ಲ. ಆದರೆ ನೋಡಬಂದ ಅಧಿಕಾರಿಗಳಲ್ಲಿ ಕೆಲವರು ಬೆರಗಾದರು, ಸುದ್ದಿ ಹರಡಿ ಜನ ಬರತೊಡಗಿದರು. 1976ರಲ್ಲಿ ಆಡಳಿತ ಆ ಜಾಗವನ್ನು ಸಾರ್ವಜನಿಕರಿಗೆ ತೆರೆದದ್ದು ಮಾತ್ರವಲ್ಲ, ನೇಕ್ ಚಂದ್ ಅವರನ್ನು ಆ ತೋಟದ ಕೆಲಸಕ್ಕೇ ನೇಮಿಸಿ, ಸಂಬಳದೊಡನೆ 50 ಮಂದಿ ಕೆಲಸಗಾರರನ್ನು ಕೊಟ್ಟಿತು. ಕದ್ದುಮುಚ್ಚಿ ಮಾಡಿದ ಕೆಲಸವೇ ಸರ್ಕಾರಿ ನೌಕರಿಯಾದ ಇಂತಹ ಇನ್ನೊಂದು ನಿದರ್ಶನ ನನಗೆ ತಿಳಿದಂತೆ ನಮ್ಮ ದೇಶದಲ್ಲಿಲ್ಲ. 1983ರಲ್ಲಿ ತೋಟದ ಚಿತ್ರವುಳ್ಳ ಅಂಚೆಚೀಟಿ ಬಂತು, 1984ರಲ್ಲಿ ಪದ್ಮಶ್ರೀ ಬಂತು. ಇಂದು ಸುಮಾರು 40 ಎಕರೆಯ ಈ ತೋಟದಲ್ಲಿ ಜಲಪಾತಗಳಿವೆ, ಮೂರನೆಯ ಹಂತದಲ್ಲಿ ಕಟ್ಟಿದ ಎತ್ತರದ ಕಮಾನುಗಳಿಗೆ ಉಯ್ಯಾಲೆಗಳು ತೂಗಿವೆ. ಮಕ್ಕಳಿಗಿಂತ ದೊಡ್ಡವರೇ ಅವುಗಳ ಮೇಲೆ ಹೆಚ್ಚು ಹೊತ್ತು ಕೂರುತ್ತಾರೆ.

[ದೃಶ್ಯ: ಕೌದಿಯೊಂದರ ಸಮೀಪ ನೋಟ. ಹೊಲಿಗೆಯ ಸಾಲುಗಳು.]

ಇಂತಹ ಕೆಲಸಕ್ಕಾಗಿ ನಾವು ಚಂಡೀಗಢದವರೆಗೆ ಹೋಗಲೇಬೇಕೆಂದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಡಿಸಿಟ್ಟಿರುವ ಕೌದಿಯನ್ನು ಬಿಡಿಸಿ ನೋಡಿ. ಸವೆದ ಸೀರೆ, ಹರಿದ ಧೋತರ, ಮಗುವಿಗೆ ಚಿಕ್ಕದಾದ ಅಂಗಿ, ಕುಪ್ಪಸದ ಕಣ ಎಲ್ಲವೂ ಪದರ ಪದರವಾಗಿ ಸೇರಿ, ಒತ್ತೊತ್ತಾದ ದಾರದ ಸಾಲುಗಳಲ್ಲಿ ಒಂದಾಗಿರುತ್ತವೆ. ಹೊಸ ಬಟ್ಟೆಯಲ್ಲಿ ಒಳ್ಳೆಯ ಕೌದಿ ಆಗುವುದಿಲ್ಲ. ನೂರಾರು ಬಾರಿ ಒಗೆದು ಮೆತ್ತಗಾದ ಅರಿವೆಗೇ ಸೂಜಿ ಸಲೀಸಾಗಿ ಇಳಿಯುತ್ತದೆ, ಮೈಗೂ ಹಿತವಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿ ಇನ್ನೂ ವಿಶಿಷ್ಟವಾದದ್ದು. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ಮಾಡಿದ ತ್ರಿಕೋನಾಕೃತಿಯ ಹೂವುಗಳನ್ನು ಕೂರಿಸುತ್ತಾರೆ. ಆ ಹೂವುಗಳಿಲ್ಲದೆ ಕವಂದಿ ಪೂರ್ಣವಾಗುವುದಿಲ್ಲ. ಮೂಲೆಯ ಹೂವಿನಿಂದ ಹೊದಿಕೆಯ ಬೆಚ್ಚಗೆ ಹೆಚ್ಚುವುದಿಲ್ಲ, ಆದರೂ ಅದನ್ನು ಬಿಡುವ ಪ್ರಶ್ನೆಯೇ ಅಲ್ಲಿಲ್ಲ.

ಈ ಹಿನ್ನೆಲೆಯಲ್ಲಿ ಇಂದು ಕಸದಿಂದ ರಸ ಎಂಬ ಹೆಸರಿನಲ್ಲಿ ನಡೆಯುವ ಹಲವು ಚಟುವಟಿಕೆಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಬೇಕು. ಶಾಲೆಯ ಸ್ಪರ್ಧೆಗಾಗಿ ಅಂಗಡಿಯಿಂದ ಹೊಸ ಕಾಗದದ ಲೋಟಗಳನ್ನೂ ಬಣ್ಣದ ಹೊಸ ಹಾಳೆಗಳನ್ನೂ ತಂದು ಹೂದಾನಿ ಮಾಡಿಸಿದರೆ, ಆ ಮಗು ಆಯುವುದನ್ನು ಕಲಿಯುವುದಿಲ್ಲ. ದೆಹಲಿಯಲ್ಲಿ 2019ರಲ್ಲಿ ತೆರೆದ ಉದ್ಯಾನವೊಂದರಲ್ಲಿ ಸುಮಾರು 150 ಟನ್ ಗುಜರಿ ಲೋಹದಿಂದ ಜಗತ್ತಿನ ಏಳು ಅದ್ಭುತಗಳ ಪ್ರತಿರೂಪಗಳನ್ನು ಮಾಡಿದ್ದಾರೆ. ಅದರ ಹಿಂದಿನ ದುಡಿಮೆ ದೊಡ್ಡದು, ಬೆಸುಗೆಯ ಕೌಶಲವೂ ದೊಡ್ಡದು, ಗುಜರಿಗೆ ಒಂದು ಉಪಯೋಗ ಸಿಕ್ಕಿದ್ದೂ ಒಳ್ಳೆಯದೇ. ಆದರೆ ಅಲ್ಲಿ ತಾಜ್ ಮಹಲಿನ ಆಕಾರ ಮೊದಲೇ ನಿಶ್ಚಯವಾಗಿದೆ, ಗುಜರಿ ಅದಕ್ಕೆ ತಕ್ಕಂತೆ ಬಾಗಬೇಕು. ನೇಕ್ ಚಂದ್ ಅವರಲ್ಲಿ ವಸ್ತು ಮೊದಲು ಬಂತು, ಆಕಾರ ಆಮೇಲೆ ಬಂತು. ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಿಕೊಡಬೇಕೆಂಬುದು ನನ್ನ ಆಸೆ. ಸ್ಪರ್ಧೆಗೆ ಒಂದು ತಿಂಗಳು ಮೊದಲೇ ಒಂದು ಖಾಲಿ ಡಬ್ಬಿಯನ್ನು ಮಗುವಿನ ಕೈಗೆ ಕೊಟ್ಟು, ಏನು ಮಾಡಬೇಕೆಂದು ಹೇಳದೆ, ದಾರಿಯಲ್ಲಿ ಕಣ್ಣಿಗೆ ಹಿಡಿಸಿದ್ದನ್ನು ಇದರಲ್ಲಿ ಹಾಕುತ್ತಾ ಹೋಗು ಎಂದರೆ ಸಾಕು. ಗಾಜಿನ ಚೂರು, ತುಕ್ಕು ಹಿಡಿದ ಮೊಳೆ, ಬ್ಯಾಟರಿ ಸೆಲ್ಲು, ಆಸ್ಪತ್ರೆಯ ಕಸ ಇವುಗಳನ್ನು ಮುಟ್ಟಬಾರದೆಂಬ ತಿಳಿವಳಿಕೆಯನ್ನು ಮಾತ್ರ ಮೊದಲ ದಿನವೇ ಕೊಡಬೇಕು.

[ದೃಶ್ಯ: ತೋಟದ ಗೋಡೆಯೊಂದನ್ನು ಪರೀಕ್ಷಿಸುತ್ತಿರುವ ಕೆಲಸಗಾರರು. ಉದುರಿದ ಚೂರುಗಳ ಗುರುತುಗಳು.]

ತೆರೆದ ತೋಟಕ್ಕೆ ಕಷ್ಟಗಳು ಕಡಿಮೆ ಬರಲಿಲ್ಲ. 1990ರ ಸುಮಾರಿಗೆ ರಸ್ತೆಗಾಗಿ ಬುಲ್ಡೋಜರುಗಳು ಬಂದು ನಿಂತಾಗ ನಗರದ ಜನ ಕೈಕೈ ಹಿಡಿದು ಅಡ್ಡ ನಿಂತರು. 1996ರಲ್ಲಿ ನೇಕ್ ಚಂದ್ ವಿದೇಶ ಪ್ರವಾಸದಲ್ಲಿದ್ದಾಗ ಕಿಡಿಗೇಡಿಗಳು ಹಲವು ಪ್ರತಿಮೆಗಳನ್ನು ಒಡೆದುಹಾಕಿದರು. ಮರುವರ್ಷ ಅವರ ಹೆಸರಿನ ಪ್ರತಿಷ್ಠಾನವೊಂದು ಇಂಗ್ಲೆಂಡಿನಲ್ಲಿ ಹುಟ್ಟಿಕೊಂಡಿತು. ಅದರ ಮೂಲಕ ಬೇರೆ ಬೇರೆ ದೇಶಗಳಿಂದ ಬಂದ ಸ್ವಯಂಸೇವಕರು ತೋಟದ ದುರಸ್ತಿಗೂ ಹೊಸ ಗೋಡೆಗಳ ಚೂರುಚಿತ್ತಾರಕ್ಕೂ ಕೈಜೋಡಿಸಿದ್ದಾರೆ. ನೇಕ್ ಚಂದ್ 2015ರ ಜೂನ್ 12ರಂದು ತೀರಿಕೊಂಡರು. 2025ರ ಆರಂಭದಲ್ಲಿ ಹೈಕೋರ್ಟಿನ ಕಡೆಯ ರಸ್ತೆಯನ್ನು ಅಗಲ ಮಾಡಲು ತೋಟದ ಗೋಡೆಯ ಒಂದು ಭಾಗವನ್ನು ಕೆಡವಲಾಯಿತು. ಕೆಡವಿದ ಮನೆಗಳಿಂದ ಕಟ್ಟಿದ್ದನ್ನು ಮತ್ತೆ ಕೆಡವಿದ ಸುದ್ದಿಯನ್ನು ಓದಿದ ದಿನ ನನಗಾದ ಸಂಕಟವನ್ನು ಇಲ್ಲಿ ಹೇಳಿಕೊಳ್ಳದೆ ಮುಂದೆ ಹೋಗಲಾರೆ. ಆ ದಿನವೇ ಈ ವಿಡಿಯೋ ಮಾಡಬೇಕೆಂದು ನಿಶ್ಚಯಿಸಿದೆ.

[ದೃಶ್ಯ: ಮತ್ತೆ ಮೇಜು. ಗಾರೆಯ ಹಲಗೆಯ ಸಮೀಪ ನೋಟ.]

ನಮ್ಮ ಗಾರೆ ಬಿಗಿಯುತ್ತಿದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಈಗ ಗುರುತು ಅಷ್ಟಾಗಿ ಬೀಳುತ್ತಿಲ್ಲ. ಲೋಟದ ಚೂರುಗಳೆಲ್ಲ ಕದಲದೆ ಕೂತಿವೆ. ಫ್ಯೂಸಿನ ಪಿಂಗಾಣಿಯಲ್ಲಿರುವ ಎರಡು ತೂತುಗಳು, ನಾನು ಎಣಿಸದಿದ್ದರೂ, ಕಣ್ಣುಗಳಂತೆ ಕಾಣುತ್ತಿವೆ. ಮುರಿದ ಹಿಡಿಯನ್ನು ಅದರ ಪಕ್ಕದಲ್ಲಿ ಕೂರಿಸಿದ್ದರಿಂದ ಅದು ಕಿವಿಯಾಗಿದೆ. ಇನ್ನೊಂದು ಕಿವಿ ಇಲ್ಲ, ಏಕೆಂದರೆ ಲೋಟಕ್ಕೆ ಇದ್ದದ್ದು ಒಂದೇ ಹಿಡಿ. ಬಲಗಡೆಯ ಎರಡು ಬಳೆಚೂರುಗಳು ಮಾತ್ರ ಸಡಿಲವಾಗಿವೆ, ಅವುಗಳನ್ನು ನಾನು ಆಳಕ್ಕೆ ಒತ್ತಿರಲಿಲ್ಲ. ಅವುಗಳನ್ನು ಕಿತ್ತು, ಆ ಜಾಗವನ್ನು ಮೊಳೆಯ ತುದಿಯಿಂದ ಸ್ವಲ್ಪ ಕೆರೆದು, ಸಿಮೆಂಟಿನ ನೀರಾದ ಹಾಲನ್ನು ಹಚ್ಚಿ ಮತ್ತೆ ಕೂರಿಸುತ್ತೇನೆ. ಚೂರುಗಳ ಮೇಲೆ ಮೆತ್ತಿಕೊಂಡ ಸಿಮೆಂಟನ್ನು ಒದ್ದೆ ಬಟ್ಟೆಯಿಂದ ಈಗಲೇ ಒರೆಸಬೇಕು, ನಾಳೆಗೆ ಬಿಟ್ಟರೆ ಬಿಡುವುದಿಲ್ಲ. ಆಮೇಲೆ ಇದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಿನಲ್ಲಿ ಇಡುತ್ತೇನೆ. ಏಳು ದಿನ ಚೀಲ ಒಣಗದಂತೆ ಬೆಳಗ್ಗೆ ಸಂಜೆ ನೀರು ಚಿಮುಕಿಸಬೇಕು.